ಅಟ್ಟದ ಮೇಲಿನ ತೊಟ್ಟಿಲು

ಹೆರಿಗೆಗೆಂದು ತವರಿಗೆ ಬರುವ ಮಗಳಿಗೆ ಮನೆಯ ಒಂದು ಕೋಣೆಯನ್ನು ತೆರವು ಮಾಡಿಕೊಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಆ ಕೋಣೆಯನ್ನು ಹಿರಿಯರು ಬಾಣಂತಿ ಕೋಣೆ ಎಂದು ಕರೆದರು. ಮಗುವಿಗೇ ಮೀಸಲಾದ, ಗೋಡೆಯ ತುಂಬ ಚಿತ್ರಗಳಿರುವ ಕೋಣೆಯೊಂದು ಬೇಕೆಂಬ ಯೋಚನೆ ನಮ್ಮ ಮನೆಗಳಿಗೆ ಬಂದದ್ದು ಈಚೆಗೆ; ಅದು ಬಂದ ದಾರಿ ಅಂಗಡಿಯದು.

ಕಳೆದ ಮಳೆಗಾಲದಲ್ಲಿ ನನ್ನ ತಂಗಿ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬರುವವಳಿದ್ದಳು. ಮದುವೆಯಾಗಿ ಒಂಬತ್ತು ವರ್ಷಗಳ ಮೇಲೆ ಒದಗಿದ ಭಾಗ್ಯ. ಸಹಜವಾಗಿಯೇ ನಮಗೆಲ್ಲ ಉತ್ಸಾಹ. ನಾನೂ ನನ್ನ ಹೆಂಡತಿಯೂ ಪೇಟೆಗೆ ಹೋಗಿ ವಿಚಾರಿಸಿದೆವು. ತೊಟ್ಟಿಲು, ಅದರ ಮೇಲೆ ತಿರುಗುವ ಬೊಂಬೆಗಳು, ಮೋಡದ ಚಿತ್ರದ ಪರದೆ, ಮೊಲದ ಆಕಾರದ ದೀಪ ಇವೆಲ್ಲ ಕೂಡಿದಾಗ ಖಾಸಗಿ ಕಾಲೇಜಿನ ಕನ್ನಡ ಅಧ್ಯಾಪಕನೊಬ್ಬನ ತಿಂಗಳ ಸಂಬಳ ಮುಗಿದು, ಮುಂದಿನ ತಿಂಗಳಿನದಕ್ಕೂ ಕೈ ಹಾಕುವಂತಿತ್ತು. ಮನೆಗೆ ಬಂದವನೇ ನಾನು ಒಂದು ಸಣ್ಣ ಭಾಷಣ ಮಾಡಿದೆ. ಅಧ್ಯಾಪಕರಿಗೆ ಇದು ಅಭ್ಯಾಸ. “ನಮ್ಮ ಅಟ್ಟದಲ್ಲಿ ಇಲ್ಲದ್ದು ಆ ಅಂಗಡಿಯಲ್ಲಿ ಏನಿದೆ? ಹಳೆಯ ತೊಟ್ಟಿಲಿದೆ, ಅಜ್ಜಿಯ ಕೌದಿಯಿದೆ, ಬೆಳ್ಳಿಯ ಒಳಲೆಯಿದೆ. ಹಣವೂ ಉಳಿಯಿತು, ಮನೆತನದ ನೆನಪೂ ಉಳಿಯಿತು” ಎಂದೆ. ಹೆಂಡತಿ ಒಪ್ಪಿದಳು. ತಾಯಿ ಮಾತ್ರ ಏನೂ ಹೇಳಲಿಲ್ಲ. ಆ ಮೌನವನ್ನು ನಾನು ಸಮ್ಮತಿಯೆಂದೇ ಲೆಕ್ಕ ಹಾಕಿದೆ.

ತೊಟ್ಟಿಲನ್ನು ಕೆಳಗಿಳಿಸಿದ ದಿನ ತಾಯಿ ಅದನ್ನು ಒಮ್ಮೆ ನೋಡಿ ಅಡುಗೆಮನೆಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ನಾನಾಗಿ ಹೋಗಿ ಕೇಳಿದಾಗ, ಒಲೆಯ ಕಡೆಗೇ ಮುಖವಿಟ್ಟು, “ಅದು ಅವಳದು” ಎಂದರು.

ನನಗಿಂತ ಮೊದಲು ಒಂದು ಹೆಣ್ಣು ಮಗು ಹುಟ್ಟಿ ಮೂರು ತಿಂಗಳಿಗೆ ತೀರಿಕೊಂಡಿತ್ತೆಂಬುದು ನನಗೆ ಗೊತ್ತಿತ್ತು. ಆದರೆ ಗೊತ್ತಿದ್ದುದು ಅಷ್ಟೇ. ನಾನೂ ತಂಗಿಯೂ ಸೀರೆಯ ಜೋಲಿಯಲ್ಲಿ ಬೆಳೆದವರು. ಬಡತನದಿಂದ ಹಾಗಾಯಿತೆಂದು ನಾನು ನಲವತ್ತು ವರ್ಷ ನಂಬಿದ್ದೆ. ಒಂದೆರಡು ಕಡೆ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ಒಳ್ಳೆಯ ತೊಟ್ಟಿಲೊಂದು ತಲೆಯ ಮೇಲಿನ ಅಟ್ಟದಲ್ಲೇ ಇದ್ದಾಗ ನಮ್ಮನ್ನೇಕೆ ಜೋಲಿಯಲ್ಲಿ ತೂಗಿದರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಹಳೆಯ ವಸ್ತುಗಳಿಂದ ಮಗುವಿನ ಕೋಣೆಯನ್ನು ಸಿಂಗರಿಸಿರೆಂದು ಉಪದೇಶಿಸುವ ನನ್ನಂಥವರು ಮೊದಲು ತಿಳಿಯಬೇಕಾದ ಸಂಗತಿ ಇದೇ ಎಂದು ನನ್ನ ಅಭಿಪ್ರಾಯ. ಅಟ್ಟದ ವಸ್ತುವಿಗೆ ಬೆಲೆಯಿಲ್ಲವೆಂದು ನಾವು ಭಾವಿಸುತ್ತೇವೆ. ಅದರ ಬೆಲೆಯನ್ನು ಬೇರೊಬ್ಬರು ಆಗಲೇ ತೆತ್ತಿರುತ್ತಾರೆ. ಆದ್ದರಿಂದ ಅದನ್ನು ಇಳಿಸುವ ಮೊದಲು ಮನೆಯ ಹಿರಿಯರನ್ನು ಕೇಳಬೇಕು. ಕೇಳಿದ ಮೇಲೆ ಉತ್ತರಕ್ಕಾಗಿ ಕಾಯಬೇಕು.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಆ ತೊಟ್ಟಿಲಿಗೆ ಹಸಿರು ಬಣ್ಣ, ಅದು ಎದ್ದ ಕಡೆ ಕೆಳಗೆ ಕೆಂಪು. ಹಳೆಯ ಬಣ್ಣಗಳಲ್ಲಿ ಸೀಸ ಬೆರೆತಿರುವುದು ಸಾಮಾನ್ಯ. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಆದದ್ದೇ 2016ರಲ್ಲಿ. ಹಲ್ಲು ಬರುವ ಮಗು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಸೀಸವು ಅದರ ಬೆಳೆಯುವ ಮಿದುಳಿಗೆ ವಿಷ. ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ಪೂಜ್ಯವಲ್ಲ. ಅಂತೆಯೇ ತಲೆ ದುಂಡಗಾಗಲೆಂದು ಇಡುತ್ತಿದ್ದ ರಾಗಿಯ ದಿಂಬನ್ನೂ ಬಿಟ್ಟೆವು. ಮೊದಲ ವರ್ಷ ಮಗು ಮಲಗುವಲ್ಲಿ ದಿಂಬಾಗಲಿ ಮೆತ್ತನೆಯ ಹೊದಿಕೆಯಾಗಲಿ ಇರಕೂಡದೆಂಬುದು ವೈದ್ಯರ ಮಾತು.

ನಾನು ಬಣ್ಣದ ಕಾರಣವನ್ನೇ ಮುಂದೆ ಮಾಡಿ ತೊಟ್ಟಿಲನ್ನು ಮತ್ತೆ ಅಟ್ಟಕ್ಕೇರಿಸಲು ಹೊರಟೆ. ತಾಯಿಯ ದುಃಖವನ್ನು ಮಾತಿಗೆಳೆಯದೆ ಮುಗಿಸುವುದಕ್ಕೆ ಅದು ಅನುಕೂಲವಾದ ಉಪಾಯವಾಗಿತ್ತು. ಏಣಿಯ ಬಳಿ ಬಂದು ಅವರೇ ತಡೆದರು. “ಸರಪಳಿ ಬಿಚ್ಚಿಕೋ. ಅದಕ್ಕೆ ಬಣ್ಣವಿಲ್ಲವಲ್ಲ” ಎಂದರು.

ನಾಲ್ಕು ಹಿತ್ತಾಳೆಯ ಸರಪಳಿಗಳು. ಹುಣಿಸೆಹಣ್ಣು ಹಚ್ಚಿ ಅವರೇ ತಿಕ್ಕಿದರು. ನಮ್ಮ ಬಡಗಿ ಕೊಂಡಿಗಳನ್ನೆಲ್ಲ ಪರೀಕ್ಷಿಸಿ, ಹಲಸಿನ ಹಲಗೆಯಿಂದ ಬಣ್ಣವಿಲ್ಲದ ಸಾದಾ ತೊಟ್ಟಿಲೊಂದನ್ನು ಮಾಡಿಕೊಟ್ಟ. ಅಂಗಡಿಯವನು ಹೇಳಿದ್ದರ ಕಾಲು ಭಾಗವೂ ಖರ್ಚಾಗಲಿಲ್ಲ.

ಉಳಿದ ಸಿದ್ಧತೆ ಬೇಗ ಮುಗಿಯಿತು. ಗೋಡೆಗೆ ಸುಣ್ಣ ಬಳಿದೆವು. ಹಾಲೆಮರದಿಂದ ಕಡೆದು, ಗಿಡಮೂಲದ ಬಣ್ಣ ಬೆರೆಸಿದ ಅರಗು ಹಚ್ಚಿದ ಚನ್ನಪಟ್ಟಣದ ಗಿಲಕಿಯೊಂದನ್ನು ಕೊಂಡೆವು. ಕೊಂಡ ಆಟಿಕೆ ಅದೊಂದೇ. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಸಲ್ಲದಾದ್ದರಿಂದ ಒಳಲೆಯು ಗೂಡಿನಲ್ಲಿ ತನ್ನ ಸರದಿಗಾಗಿ ಕಾದಿತು.

ಕೌದಿಯ ವಿಷಯವಾಗಿ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ಸವೆದ ಸೀರೆ ಧೋತರಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿಯುವ ಈ ಕಲೆಯಲ್ಲಿ ಮಿತವ್ಯಯವೂ ಮಮತೆಯೂ ಬೇರೆ ಬೇರೆಯಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಚೂರುಗಳ ಹೂವಿಡದೆ ಕೌದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಹಳೆಯ ಬಟ್ಟೆಯಿಂದ ಮಾಡಿದ್ದೆಂದು ಅದಕ್ಕೆ ಅಲಂಕಾರವನ್ನು ಕಡಿಮೆ ಮಾಡದ ಆ ಕೈಗಳು ನಮಗೆ ಕಲಿಸುವುದು ಬಹಳವಿದೆ. ನಮ್ಮ ಅಜ್ಜಿಯ ಕೌದಿಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ತಂಗಿ ಕುಳಿತು ಹಾಲೂಡಿಸುವ ಜಾಗದಲ್ಲಿ ಹಾಸಿದೆವು. ಗೋಡೆಗೆ ತೂಗುಹಾಕಿದರೆ ಚೆನ್ನಾಗಿ ಕಾಣುತ್ತದೆಂದು ಯಾರೋ ಸೂಚಿಸಿದರು. ನಾನು ಒಪ್ಪಲಿಲ್ಲ. ಮೊಳೆಗೆ ಸಿಕ್ಕ ಕೌದಿ ಚಿತ್ರವಾಗುತ್ತದೆ. ಹಾಸಿದಾಗಲಷ್ಟೇ ಅದು ಅಜ್ಜಿಯ ಮಡಿಲಾಗುತ್ತದೆ.

ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣುವ ದೂರ ಸುಮಾರು ಇಪ್ಪತ್ತರಿಂದ ಮೂವತ್ತು ಸೆಂಟಿಮೀಟರು, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಗೇಣಿನ ಆಸುಪಾಸು. ಹಾಲುಣ್ಣುವ ಮಗುವಿಗೂ ತಾಯಿಯ ಮುಖಕ್ಕೂ ಇರುವ ಅಂತರ ಅಷ್ಟೇ. ಗೋಡೆಯ ಮೇಲಿನ ಮೋಡ, ಮೊಲಗಳು ಅದರ ಲೋಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಹೀಗಿರುವಾಗ ಕೋಣೆಯ ಸಿಂಗಾರ ಯಾರಿಗಾಗಿ? ಮಗುವಿನ ಮೇಲೆ ಬಾಗುವ ಮುಖಗಳಿಗಾಗಿ. ಆ ಮುಖಗಳು ಪ್ರಸನ್ನವಾಗಿದ್ದರೆ ಆ ಒಂದು ಗೇಣಿನ ಲೋಕವೆಲ್ಲ ಸಿಂಗಾರಗೊಂಡಂತೆಯೇ. ಆ ಕೋಣೆಗೆ ಬಾಣಂತಿಯ ಹೆಸರನ್ನಿಟ್ಟ ಹಿರಿಯರು ಈ ಸೂಕ್ಷ್ಮವನ್ನು ತಿಳಿದೇ ಇದ್ದರೇನೋ.

ಮಗು ಹುಟ್ಟಿತು, ಹೆಣ್ಣು. ತೊಟ್ಟಿಲಿಗೆ ಹಾಕಿದ ದಿನ ಸಂಜೆ ನೆಂಟರೆಲ್ಲ ಹೋದ ಮೇಲೆ ತಾಯಿ ಒಬ್ಬರೇ ಸರಪಳಿ ಹಿಡಿದು ತೂಗುತ್ತಿದ್ದರು. ತಂಗಿ ಮೆಲ್ಲಗೆ, “ಅವಳಿಗೆ ಏನೆಂದು ಹೆಸರಿಟ್ಟಿದ್ದಿರಿ, ಅಮ್ಮ?” ಎಂದು ಕೇಳಿದಳು. ತಾಯಿ ತೂಗುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆಸರು ಹೇಳಿದರು. ನಮ್ಮ ಮನೆಯಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಆ ಕೋಣೆಗೆ ಸೇರಿದ್ದು.