ದನ ನಿಲ್ಲಿಸಿಕೊಂಡು ಅಳತೆ ಹಾಕುತ್ತೇನೆ ಎಂದಿದ್ದಿರಿ: ಜಿಲ್ಲಾ ಪಂಚಾಯ್ತಿ ಸಿಇಒ ಅವರಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಹೋದ ವರ್ಷ ಯುಗಾದಿ ಕಳೆದ ವಾರದಲ್ಲಿ ತಾವು ನಮ್ಮೂರಿಗೆ ಬಂದಿದ್ದಾಗ, ಪಂಪ್‌ಹೌಸ್ ಪಕ್ಕದ ದನದ ತೊಟ್ಟಿಯ ಹತ್ತಿರ ತಮ್ಮ ಕೈಗೆ ಅಳತೆ ಟೇಪು ಕೊಟ್ಟವನು ನಾನು. ಗುರುತು ಹಿಡಿಯಲು ಇಷ್ಟು ಸಾಕು ಅಂದುಕೊಂಡಿದ್ದೇನೆ. ನಡೆದದ್ದು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿರುವ ಸಂಗತಿ, ಆದ್ದರಿಂದ ಉದ್ದಕ್ಕೆ ಹೇಳುವುದಿಲ್ಲ. ಮೂರೂಕಾಲು ಅಡಿ ಎತ್ತರದ ತೊಟ್ಟಿ. ಟ್ಯಾಂಕರ್ ನೀರು ಅರ್ಧಕ್ಕೆ ನಿಂತಿತ್ತು. ಪಕ್ಕದಲ್ಲೇ ಬಿಟ್ಟುಹೋಗಿದ್ದ ಜಲ್ಲಿ ರಾಶಿ ಹತ್ತಿ ಮೇಕೆಗಳು ಅಂಚಿಗೆ ಹಾರಿದವು. ಎರಡು ಮರಿ ಒಳಗೆ ಬಿದ್ದವು. ಹತ್ತಿ ಬರಲು ಒಳಗೆ ಒಂದು ಕಲ್ಲೂ ಇರಲಿಲ್ಲ. ಅದೇ ವಾರ ನಮ್ಮ ಗಬ್ಬದ ಹಸು ಗೌರಿ, ತೊಟ್ಟಿಯ ಮುಂದೆ ನುಣ್ಣಗೆ ಬಳಿದಿದ್ದ ಸಿಮೆಂಟಿನ ಮೇಲೆ ಪಾಚಿಗೆ ಕಾಲು ಜಾರಿ ಬಿತ್ತು. ತೊಡೆ ಮೂಳೆ ಮುರಿಯಿತು. ಒಂಬತ್ತನೇ ದಿನ ಹಿತ್ತಲಲ್ಲಿ ಗುಂಡಿ ತೋಡಿದೆವು.

ತಾವು ಬಂದಿರಿ. ಬಂದವರು ಕಾರಿನಲ್ಲೇ ಕೂತು ಮಾತಾಡಿ ಹೋಗಲಿಲ್ಲ, ಅದನ್ನು ಇವತ್ತೂ ಕೃತಜ್ಞತೆಯಿಂದ ನೆನೆಯುತ್ತೇನೆ. ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೇಪು ಹಿಡಿದು ತಾವೇ ಅಳೆದಿರಿ. ಆಮೇಲೆ ಎದ್ದು ನಿಂತು, ಊರಿನ ಅರವತ್ತು ಎಪ್ಪತ್ತು ಜನರ ಮುಂದೆ ಹೇಳಿದಿರಿ: "ಇನ್ನು ಮುಂದೆ ಈ ಜಿಲ್ಲೇಲಿ ಒಂದು ತೊಟ್ಟೀನೂ ದನ ಮುಂದೆ ನಿಲ್ಲಿಸಿಕೊಂಡು ಅಳತೆ ಹಾಕದೆ ಕಟ್ಟಿಸಲ್ಲ. ಮೊದಲನೇದಕ್ಕೆ ನಿಮ್ಮನ್ನೇ ಕರೆಸ್ತೀನಿ, ಟೇಪು ತಗೊಂಡು ಬನ್ನಿ."

ಆ ಮಾತಿಗೆ ಹನ್ನೊಂದು ತಿಂಗಳು ತುಂಬಿದೆ. ನನ್ನನ್ನು ಯಾರೂ ಕರೆದಿಲ್ಲ. ಕರೆಯದಿದ್ದರೆ ಬೇಡ, ನನಗಿಂತ ಬಲ್ಲವರು ಜಿಲ್ಲೆಯಲ್ಲಿ ಎಷ್ಟೋ ಜನ ಇದ್ದಾರೆ. ಆದರೆ ಈ ಹನ್ನೊಂದು ತಿಂಗಳಲ್ಲಿ ನಮ್ಮ ಹೋಬಳಿಯೊಂದರಲ್ಲೇ ನಾಲ್ಕು ತೊಟ್ಟಿ ಎದ್ದಿವೆ. ನಾಲ್ಕನ್ನೂ ಹೋಗಿ ಅಳೆದು ಬಂದಿದ್ದೇನೆ. ನಾಲ್ಕೂ ಮೂರೂಕಾಲು ಅಡಿ.

ಮೊದಲು ಪಂಚಾಯ್ತಿ ಪಿಡಿಒ ಅವರನ್ನು ಕೇಳಿದೆ. ಗ್ರಾಮಸಭೆಯಲ್ಲಿ ಎದ್ದು ಹೇಳಿದೆ, ನಡಾವಳಿ ಪುಸ್ತಕದಲ್ಲಿ ಬರೆಸಿದೆ. ತಾಲ್ಲೂಕು ಕಚೇರಿಗೆ ಎರಡು ಅರ್ಜಿ, ತಮ್ಮ ಕಚೇರಿಗೆ ಮೂರು. ಐದಕ್ಕೂ ಸ್ವೀಕೃತಿ ಮುದ್ರೆ ಇದೆ, ಉತ್ತರ ಒಂದಕ್ಕೂ ಇಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಮಾತ್ರ ಒಂದು ನಕ್ಷೆ ಬಂತು. ಅದು ಎಲ್ಲ ತೊಟ್ಟಿಗಳಿಗೂ ಒಂದೇ ಟೈಪ್ ಡಿಸೈನು. ಅದರಲ್ಲಿ ಕಬ್ಬಿಣ ಎಷ್ಟು, ಸಿಮೆಂಟು ಎಷ್ಟು, ಗೋಡೆ ದಪ್ಪ ಎಷ್ಟು ಎಂಬುದೆಲ್ಲ ಇದೆ. ಕುಡಿಯುವ ಪ್ರಾಣಿ ಯಾವುದು ಎಂದು ಎಲ್ಲೂ ಬರೆದಿಲ್ಲ. ಅದನ್ನು ಹಿಡಿದುಕೊಂಡು ಕಚೇರಿಗೆ ಹೋದಾಗ ಅಲ್ಲಿದ್ದ ಎಂಜಿನಿಯರ್ ಒಬ್ಬರು ಕಾಗದದಿಂದ ತಲೆ ಎತ್ತದೆಯೇ ಅಂದರು: "ದನ ಕುಡಿಯೋ ತೊಟ್ಟಿಗೆ ಎಂಥ ಡಿಸೈನು ಕಣ್ರೀ? ನಾಲ್ಕು ಗೋಡೆ ಎಬ್ಬಿಸಿದ್ರೆ ಮುಗೀತು."

ಆ ಮಾತಿಗೆ ಅಲ್ಲಿ ನಿಂತು ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತೇನೆ, ತಾವೂ ಓದಬೇಕು.

ನನ್ನದು ವೆಲ್ಡಿಂಗ್ ಅಂಗಡಿ. ಇಪ್ಪತ್ತಾರು ವರ್ಷದಿಂದ ದನಕ್ಕೆ ಮೇವಿನ ಗೋದಲಿ, ಕುರಿಗೆ ಮೇವು ಹಾಕುವ ಸ್ಟ್ಯಾಂಡು, ಕೋಳಿಗೆ ನೀರಿನ ತಟ್ಟೆ ಮಾಡಿಕೊಡುತ್ತಿದ್ದೇನೆ. ಕೆಲಸ ಕಲಿತ ಹೊಸದರಲ್ಲಿ ಒಂದು ಮನೆಗೆ ತಗಡಿನ ಗೋದಲಿ ಮಾಡಿಕೊಟ್ಟೆ. ನಾಲ್ಕು ಮೂಲೆಯೂ ಚೌಕ, ನೋಡಲು ಬಹಳ ಅಚ್ಚುಕಟ್ಟು. ಹದಿನೈದು ದಿನ ಬಿಟ್ಟು ಹೋದಾಗ ಆ ಮನೆಯ ಅಮ್ಮ ನನ್ನ ಕೈ ಹಿಡಿದು ಮೂಲೆಗೆ ತೂರಿಸಿ, "ಇಲ್ಲಿ ಕೂತಿರೋ ಬೂಸಾ ಹೆಂಗಪ್ಪ ತೆಗೀಲಿ?" ಅಂತ ಕೇಳಿದರು. ಮೂಲೆಯಲ್ಲಿ ಹಿಂಡಿ, ಬೂಸಾ ಅಂಟಿ ಹುಳಿ ಬಂದು ಬೂಷ್ಟು ಹಿಡಿದಿತ್ತು. ಹಸುವಿನ ನಾಲಿಗೆ ಚೌಕ ಮೂಲೆಗೆ ಹೋಗುವುದಿಲ್ಲ, ಹೆಂಗಸರ ಪೊರಕೆಯೂ ಹೋಗುವುದಿಲ್ಲ. ಅವತ್ತಿನಿಂದ ಮೂಲೆ ಗುಂಡಗೆ ಬಗ್ಗಿಸದೆ ಒಂದು ಗೋದಲಿಯನ್ನೂ ನಾನು ಅಂಗಡಿಯಿಂದ ಹೊರಗೆ ಕಳಿಸಿಲ್ಲ. ಆ ಅಮ್ಮ ಹೇಳಿಕೊಟ್ಟದ್ದೇ ಡಿಸೈನು, ಸ್ವಾಮಿ.

ಹಸು ನೀರು ಕುಡಿಯುವುದನ್ನು ತಮ್ಮ ಎಂಜಿನಿಯರುಗಳು ಒಂದು ಸಾರಿ ನಿಂತು ನೋಡಲಿ. ಅದು ನಾಯಿಯ ಹಾಗೆ ನಾಲಿಗೆ ಚಾಚಿ ನೆಕ್ಕುವುದಿಲ್ಲ. ಮೂತಿಯನ್ನು ಎರಡು ಬೆರಳು ಮುಳುಗಿಸಿ, ಹೊಳ್ಳೆ ನೀರಿನ ಮೇಲಿಟ್ಟು, ಸೊರ್ರನೆ ಹೀರುತ್ತದೆ. ಬಾಯಾರಿದ ಹಸು ನಿಮಿಷಕ್ಕೆ 10ರಿಂದ 15 ಲೀಟರ್ ಎಳೆದುಬಿಡುತ್ತದೆ. ಹಾಗೆ ಹೀರಬೇಕಾದರೆ ಕತ್ತು ಇಳಿಜಾರಾಗಿ ಕೆಳಗೆ ಬಾಗಬೇಕು, ಕೊರಳು ಎಲ್ಲೂ ಒತ್ತಬಾರದು. ಅಂಚು ಎರಡಡಿ ಇದ್ದರೆ ನಮ್ಮ ಹಳ್ಳಿಕಾರ್ ಹಸುವಿಗೂ ಸರಿ, ಮಿಶ್ರತಳಿ ಸೀಮೆಹಸುವಿಗೂ ಸರಿ. ಮೂರೂಕಾಲು ಅಡಿ ಅಂಚಿನ ಮೇಲೆ ಕೊರಳು ಹೇರಿ, ಒಳಗೆ ಒಂದೂವರೆ ಅಡಿ ಕೆಳಗಿರುವ ನೀರಿಗೆ ಹಸು ಮೂತಿ ಚಾಚಿದರೆ, ಹೀರಿದ ನೀರು ಇಳಿಯುವ ಗಂಟಲನ್ನೇ ಸಿಮೆಂಟು ಒತ್ತುತ್ತಿರುತ್ತದೆ. ನಾಲ್ಕು ಗುಟುಕು ಎಳೆದು ತಲೆ ಎತ್ತಿಬಿಡುತ್ತದೆ. ಹೊಟ್ಟೆ ತುಂಬಿತು ಅಂತ ನೋಡಿದವರು ಅಂದುಕೊಳ್ಳುತ್ತಾರೆ.

ತೊಟ್ಟಿ ಆಳ ಇದ್ದಷ್ಟೂ ನೀರು ಜಾಸ್ತಿ ಹಿಡಿಯುತ್ತದೆ ಎಂಬುದು ನಕ್ಷೆ ಬರೆದವರ ಲೆಕ್ಕ. ಸಂಜೆ ದನ ಹಟ್ಟಿಗೆ ಮರಳುವ ಹೊತ್ತಿಗೆ ಬಂದು ನೋಡಿದರೆ ಆ ಲೆಕ್ಕ ನಿಲ್ಲುವುದಿಲ್ಲ. ಮಂದೆ ಒಟ್ಟಿಗೆ ಬರುತ್ತದೆ, ಒಟ್ಟಿಗೆ ಕುಡಿಯುತ್ತದೆ, ಒಟ್ಟಿಗೆ ಹೊರಡುತ್ತದೆ. ಜೋರಿನ ಹಸು ಮೊದಲು ಮೂತಿ ಇಡುತ್ತದೆ. ಸಾಧು ಹಸುವಿನ ಸರದಿ ಬರುವಷ್ಟರಲ್ಲಿ ಮುಂದಿನದು ಹೊರಟಾಗಿರುತ್ತದೆ, ಅದರ ಹಿಂದೆ ಇದೂ ಬಾಯಾರಿಕೊಂಡೇ ಹೋಗುತ್ತದೆ. ಆದ್ದರಿಂದ ತೊಟ್ಟಿಗೆ ಬೇಕಾದ್ದು ಉದ್ದ. ಒಂದು ಹಸುವಿಗೆ ಎರಡಡಿಯಾದರೂ ಜಾಗ, ಅಂಚಿನಿಂದ ನಾಲ್ಕು ಬೆರಳು ಕೆಳಗೆ ಸದಾ ನಿಲ್ಲುವ ನೀರು, ಅದಕ್ಕೆ ಒಂದು ಫ್ಲೋಟ್ ವಾಲ್ವು. ಕುರಿ ಮೇಕೆಗೆ ಅದೇ ತೊಟ್ಟಿಯ ಒಂದು ತುದಿಯನ್ನು ಅಡ್ಡಗೋಡೆ ಹಾಕಿ ಬೇರ್ಪಡಿಸಿ ಒಂದಡಿ ಎತ್ತರಕ್ಕೆ ಇಳಿಸಬೇಕು. ಒಳಗೊಂದು ಇಳಿಜಾರು ಮೆಟ್ಟಿಲು ಇದ್ದರೆ ಬಿದ್ದ ಮರಿ ಎದ್ದು ಬರುತ್ತದೆ, ಹಕ್ಕಿಪಕ್ಷಿಯೂ ಕೂತು ಕುಡಿಯುತ್ತದೆ. ತಳದಲ್ಲಿ ಒಂದು ತೂಬು, ಇಲ್ಲದಿದ್ದರೆ ಪಾಚಿ ಉಜ್ಜಿ ಸುಣ್ಣ ಬಳಿಯುವುದು ಯಾರಿಂದಲೂ ಆಗದು. ಮುಂದಿನ ನೆಲ ಕಲ್ಲುಹಾಸೋ, ಗೀರು ಎಳೆದ ಒರಟು ಕಾಂಕ್ರೀಟೋ ಆಗಬೇಕು. ಚೆಲ್ಲಿದ ನೀರು ಹರಿದುಹೋಗಬೇಕು. ಹರಿಯದೆ ಕೆಸರಾಗಿ ನಿಂತ ಕಡೆ ಗೊರಸು ಕೊಳೆಯುತ್ತದೆ, ಶಂಖದ ಹುಳು ಸೇರುತ್ತದೆ, ಅದರಿಂದ ಈಲಿಗೆ ಹುಳು ಬೀಳುತ್ತದೆ. ಇದನ್ನು ನಾನು ಹೇಳಬೇಕಾಗಿಲ್ಲ, ತಮ್ಮದೇ ಜಿಲ್ಲೆಯ ಪಶುವೈದ್ಯರು ಹೇಳುತ್ತಾರೆ. ಅವರನ್ನು ಯಾರೂ ಕೇಳಿಲ್ಲ.

ನಮ್ಮೂರ ಹಳೇ ಅರವಟ್ಟಿಗೆ ಬಾವಿಯ ಪಕ್ಕ ಒಂದು ಕಲ್ಲುಬಾನಿ ಇದೆ, ಅವತ್ತು ತಮಗೆ ತೋರಿಸಿದ್ದೆ. ಅದರ ಅಂಚು ಒಂದು ಕಡೆ ಮೊಳಕ್ಕಿಂತ ಮೇಲೆ, ಇನ್ನೊಂದು ಕಡೆ ಗೇಣಿಗಿಂತ ಸ್ವಲ್ಪ ಎತ್ತರ. ಕೊರಳು ತಾಗುವ ಕಡೆ ಕಲ್ಲನ್ನು ಗುಂಡಗೆ ಕಡೆದಿದ್ದಾರೆ. ಕಡೆದವನ ಹೆಸರು ಯಾರಿಗೂ ಗೊತ್ತಿಲ್ಲ. ಅವನು ದನವನ್ನೂ ಕುರಿಯನ್ನೂ ನೋಡಿ ಉಳಿ ಹಿಡಿದಿದ್ದ ಎಂಬುದು ಮಾತ್ರ ಕಲ್ಲು ಮುಟ್ಟಿದರೆ ಗೊತ್ತಾಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಅಮೃತಮಹಲ್ ದನ ಮೇಯುವ ಕಾವಲುಗಳನ್ನು ನೀರು ಮೇವು ಯಾವ ಕಾಲಕ್ಕೆ ಎಲ್ಲಿ ಸಿಗುತ್ತದೆ ಎಂದು ನೋಡಿ ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆ ಬೇರೆ ಮಾಡಿದ್ದರು. ದನವನ್ನು ನೋಡಿ ವ್ಯವಸ್ಥೆ ಮಾಡುವುದು ಈ ನಾಡಿಗೆ ಹೊಸದಲ್ಲ. ಬಾನಿಯನ್ನು ತಾವು ಕೈಯಿಂದ ಸವರಿ ನೋಡಿದ್ದಿರಿ. ಆಮೇಲೆಯೇ ಆ ಮಾತು ಕೊಟ್ಟದ್ದು.

ಆ ಮಾತು ಎಲ್ಲಿ ಹೋಯಿತು?

ನಮ್ಮ ಪಕ್ಕದ ಹಳ್ಳಿಯ ತೊಟ್ಟಿ ಮುಗಿದ ದಿನ ನಾನು ಅಲ್ಲಿದ್ದೆ. ಬಿಲ್ಲಿಗಾಗಿ ಅಳತೆ ಹಾಕಲು ಕಚೇರಿಯವರು ಬಂದರು. ಉದ್ದ, ಅಗಲ, ಎತ್ತರ, ಗೋಡೆಯ ದಪ್ಪ, ಎಲ್ಲವನ್ನೂ ಸೆಂಟಿಮೀಟರ್ ಬಿಡದೆ ಎಂ.ಬಿ. ಎಂಬ ಅಳತೆ ಪುಸ್ತಕಕ್ಕೆ ಬರೆದುಕೊಂಡರು. ಸ್ವಲ್ಪ ದೂರದಲ್ಲಿ ಒಂದು ಹಸು ಹುಣಸೆ ಮರದ ಕೆಳಗೆ ನಿಂತಿತ್ತು. ಅದನ್ನು ಹಿಡಿದು ತಂದು ತೊಟ್ಟಿಯ ಮುಂದೆ ನಿಲ್ಲಿಸಲು ಐದು ನಿಮಿಷ ಸಾಕಾಗಿತ್ತು. ದುಡ್ಡು ಕೊಡಲು ಬೇಕಾದ ಅಳತೆಯೆಲ್ಲ ನಿಮ್ಮ ಪುಸ್ತಕದಲ್ಲಿದೆ, ಕುಡಿಯಲು ಬೇಕಾದ ಒಂದು ಅಳತೆ ಇಲ್ಲ.

ನೀವು ಬಜೆಟ್ ಇಲ್ಲ ಅನ್ನುವ ಹಾಗಿಲ್ಲ. ಮೂರೂಕಾಲು ಅಡಿಯ ಗೋಡೆಗಿಂತ ಎರಡಡಿಯ ಗೋಡೆಗೆ ಸಿಮೆಂಟು ಕಮ್ಮಿ. ಉಳಿದದ್ದನ್ನು ಉದ್ದಕ್ಕೆ ಹಾಕಿದರಾಯಿತು. ಸರ್ಕಾರ ಹಾಲಿಗೆ ಲೀಟರ್ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡುತ್ತದೆ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಒಂದು ಲೀಟರ್ ಹಾಲು ಕರೆಯಬೇಕಾದರೆ ಹಸುವಿನ ಹೊಟ್ಟೆಗೆ ಮೂರು ನಾಲ್ಕು ಲೀಟರ್ ನೀರು ಹೋಗಬೇಕು. ಒಂದು ಕೈಯಲ್ಲಿ ಪ್ರೋತ್ಸಾಹಧನ ಕೊಟ್ಟು ಇನ್ನೊಂದು ಕೈಯಲ್ಲಿ ನೀರನ್ನು ಎಟುಕದ ಹಾಗೆ ಇಟ್ಟರೆ ರೈತ ಎಲ್ಲಿಂದ ಕರೆಯಬೇಕು? 2019ರ ಜಾನುವಾರು ಗಣತಿಯಲ್ಲಿ ಈ ರಾಜ್ಯದ ಕುರಿಗಳು 1 ಕೋಟಿ 10 ಲಕ್ಷ, ದನ 84 ಲಕ್ಷ. ದನಕ್ಕಿಂತ ಕುರಿ ಜಾಸ್ತಿ ಇರುವ ರಾಜ್ಯದಲ್ಲಿ ಒಂದು ಕುರಿಗೂ ಎಟುಕದ ನಕ್ಷೆಯನ್ನು ಜಿಲ್ಲೆಗೆಲ್ಲ ಹಂಚಿದ್ದೀರಿ.

ನನ್ನ ದನಕ್ಕೆ ನಾನು ಸಾಕಷ್ಟು ನೀರು ಕೊಡದೆ ಕಟ್ಟಿಹಾಕಿದರೆ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅದು ಅಪರಾಧ. ಸರಿಯಾದ ಕಾನೂನು, ಇರಲೇಬೇಕು. ನೀರು ತುಂಬಿಸಿ, ಅದು ಬಾಯಿಗೆ ಸಿಗದ ಹಾಗೆ ಗೋಡೆ ಕಟ್ಟಿದವರಿಗೆ ಯಾವ ಸೆಕ್ಷನ್ನು?

ತೊಟ್ಟಿ ಒಂದೇ ಅಲ್ಲ. ಮಳೆಗಾಲದಲ್ಲಿ ನಮ್ಮ ಹೆಂಗಸರ ಸಂಘಕ್ಕೆ ಸರ್ಕಾರದಿಂದ ಕೋಳಿಮರಿ ಕೊಟ್ಟರು, ಜೊತೆಗೆ ಪ್ಲಾಸ್ಟಿಕ್ ನೀರಿನ ಡ್ರಿಂಕರು. ಬೆಳೆದ ಕೋಳಿಯ ಅಳತೆಯದು, ತಟ್ಟೆ ಅಗಲ, ಆಳ. ಕೋಳಿಗೆ ಹಸುವಿನ ಹಾಗೆ ಹೀರಲು ಬರುವುದಿಲ್ಲ. ಕೊಕ್ಕಿನಲ್ಲಿ ಮೊಗೆದು, ತಲೆ ಮೇಲೆತ್ತಿ, ಇಳಿಸಿಕೊಳ್ಳುತ್ತದೆ. ಅದಕ್ಕೇ ಡ್ರಿಂಕರಿನ ಅಂಚು ಹಕ್ಕಿಯ ಬೆನ್ನಿನ ಮಟ್ಟಕ್ಕಿರಬೇಕು, ಮರಿ ಬೆಳೆದ ಹಾಗೆ ಮೇಲೇರಿಸುತ್ತಾ ಹೋಗಬೇಕು. ಎತ್ತಿ ಇಳಿಸಲು ಒಂದು ಕೊಕ್ಕೆಯೂ ಇಲ್ಲದ ಡ್ರಿಂಕರು ಕೊಟ್ಟರು. ಮರಿಗಳು ನೀರಿಗೆ ಇಳಿದು ನೆನೆದವು, ಹೊಟ್ಟು ಒದ್ದೆಯಾಗಿ ಕಣ್ಣು ಉರಿಯುವ ವಾಸನೆ ಎದ್ದಿತು. ಸಂಘದ ಅಜ್ಜಿಯೊಬ್ಬರು ಆ ಡ್ರಿಂಕರನ್ನು ಬದಿಗಿಟ್ಟು, ಬಾಯಿ ಮುಕ್ಕಾದ ಒಂದು ಕುಡಿಕೆಗೆ ನೀರು ತುಂಬಿ ತಟ್ಟೆಯ ಮೇಲೆ ಬೋರಲು ಹಾಕಿ, ತಟ್ಟೆಯ ಸುತ್ತ ಉರುಟುಗಲ್ಲು ಜೋಡಿಸಿದರು. ನೀರು ಬೇಕಾದಷ್ಟೇ ಇಳಿಯಿತು, ಒಂದು ಮರಿಯೂ ನೆನೆಯಲಿಲ್ಲ. ನೀವು ಖರೀದಿ ಮಾಡುವ ಮುಂಚೆ ಆ ಅಜ್ಜಿಯನ್ನು ಯಾಕೆ ಕೇಳುವುದಿಲ್ಲ? ಗೋದಲಿ ತೊಳೆಯುವವರು, ಕಲಗಚ್ಚು ಹೊರುವವರು, ಕೊಟ್ಟಿಗೆಯಲ್ಲಿ ಸೊಂಟ ಬಗ್ಗಿಸುವವರು ಹೆಂಗಸರು. ನಕ್ಷೆ ಬರೆಯುವ, ಟೆಂಡರ್ ಕರೆಯುವ, ಬಿಲ್ ಮಾಡುವ ಜಾಗದಲ್ಲಿ ಅವರ ಒಂದು ಮಾತಿಗೂ ಎಡೆ ಇಲ್ಲ. ಎಡೆ ಇದ್ದಿದ್ದರೆ ಹೋದ ವರ್ಷ ಗೌರಿ ಕರು ಹಾಕುತ್ತಿತ್ತು.

ಪರಿಹಾರದ ಮಾತು ಎತ್ತುವವನಲ್ಲ ನಾನು. ಗುತ್ತಿಗೆಯೂ ಬೇಡ, ನನ್ನ ಅಂಗಡಿಗೆ ಇರುವ ಕೆಲಸವೇ ಸಾಕು. ನೀವು ಊರ ಮುಂದೆ ಬಾಯಿ ತುಂಬ ಆಡಿದ ಒಂದು ಮಾತು ಕಾಗದಕ್ಕೆ ಇಳಿಯಬೇಕು: ದನ, ಕುರಿ ಮುಂದೆ ನಿಲ್ಲಿಸಿ, ಸಾಕುವವರ ಎದುರಿಗೆ ಎತ್ತರ ಗುರುತು ಹಾಕದೆ ತೊಟ್ಟಿಗೆ ಕಾಂಕ್ರೀಟು ಹಾಕಕೂಡದು, ಬಿಲ್ಲಿನ ಜೊತೆ ಆ ಅಳತೆಯೂ ಇಲ್ಲದಿದ್ದರೆ ಹಣ ಬಿಡುಗಡೆ ಆಗಕೂಡದು. ಎರಡು ಸಾಲಿನ ಸುತ್ತೋಲೆ. ಹನ್ನೊಂದು ತಿಂಗಳು ಬೇಕಾದ ಕೆಲಸ ಅದಲ್ಲ.

ನಮ್ಮೂರಿನಿಂದ ಆರು ಕಿಲೋಮೀಟರ್ ದೂರದ ಹಟ್ಟಿಯಲ್ಲಿ ಐದನೇ ತೊಟ್ಟಿಗೆ ಪಾಯ ಮುಗಿದಿದೆ. ನಿನ್ನೆ ಹೋಗಿ ನೋಡಿದೆ. ಷಟರಿಂಗ್ ಹಲಗೆ ನಿಲ್ಲಿಸಿದ್ದಾರೆ, ಅಳೆದೆ, ಮೂರೂಕಾಲು ಅಡಿ. ಸೋಮವಾರ ಕಾಂಕ್ರೀಟು ಎಂದು ಮೇಸ್ತ್ರಿ ಹೇಳಿದರು. ಆ ಹಟ್ಟಿಯಲ್ಲಿರುವುದೆಲ್ಲ ಕುರಿ. ಭಾನುವಾರ ಬೆಳಗ್ಗೆ ಏಳು ಗಂಟೆಗೆ ನಾನು ಟೇಪು ಹಿಡಿದು ಅಲ್ಲಿರುತ್ತೇನೆ, ಹಟ್ಟಿಯವರು ಮಂದೆ ತಡೆದು ನಿಲ್ಲಿಸುತ್ತೇವೆ ಅಂದಿದ್ದಾರೆ. ನೀವು ಬನ್ನಿ.

ಇಂತಿ,
ಟೇಪು ಕೊಟ್ಟವನು