ಫ್ಯಾಕ್ಟರ್ 8ರ ರಚನೆ ಮತ್ತು ಬಾಳಿಕೆ

ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನಿನ ಕೊರತೆಯನ್ನು ಹುಟ್ಟಿನಿಂದಲೇ ಹೊತ್ತ ಹಿಮೋಫಿಲಿಯಾ-ಎ ರೋಗಿಗಳಿಗೆ, ಪುಣೆಯಲ್ಲಿ ಪಾದರಸ 40 ಡಿಗ್ರಿ ಮುಟ್ಟುವ ಬೇಸಿಗೆ ಔಷಧದ ಚಿಂತೆಯನ್ನೂ ತರುತ್ತದೆ. ಔಷಧವಾಗಿ ಕೊಡುವ ಫ್ಯಾಕ್ಟರ್ 8 ಪುಡಿಯ ಸೀಸೆಯನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕಾಗುತ್ತದೆ. ಈ ನಾಜೂಕುತನದ ಮೂಲ ಪ್ರೋಟೀನಿನ ರಚನೆಯಲ್ಲೇ ಇದೆ; ರಕ್ತ ಸೇರಿದ ಮೇಲೂ ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ. 2,332 ಅಮೈನೋ ಆಮ್ಲಗಳ ಈ ಸರಪಳಿ ಎ1, ಎ2, ಬಿ, ಎ3, ಸಿ1, ಸಿ2 ಎಂಬ ಭಾಗಗಳಾಗಿ ಮಡಿಚಿಕೊಂಡಿದ್ದು, ವಾನ್ ವಿಲ್ಲೆಬ್ರಾಂಡ್ ಅಂಶವೆಂಬ ಇನ್ನೊಂದು ದೊಡ್ಡ ಪ್ರೋಟೀನಿಗೆ ಅಂಟಿಕೊಂಡು ಸಂಚರಿಸುವುದರಿಂದಲೇ ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯುವ ಅವಧಿ, ಸುಮಾರು 12 ಗಂಟೆಗಳಷ್ಟಿರುತ್ತದೆ. ಆ ಆಸರೆ ತಪ್ಪಿದರೆ ಎರಡು-ಮೂರು ಗಂಟೆಗಳಿಗೆ ಕುಸಿಯುತ್ತದೆ. ಥ್ರಾಂಬಿನ್ ಎಂಬ ಕಿಣ್ವ ಅದನ್ನು ಕತ್ತರಿಸಿ ಸಕ್ರಿಯಗೊಳಿಸಿದ ಮೇಲಂತೂ, ದುರ್ಬಲ ಸೆಳೆತದಿಂದಷ್ಟೇ ಹಿಡಿದಿಟ್ಟ ಎ2 ಭಾಗ ನಿಮಿಷಗಳಲ್ಲೇ ಕಳಚಿಕೊಳ್ಳುತ್ತದೆ. ರಚನೆಯ ಈ ತಿಳಿವಳಿಕೆಯ ಬಲದಿಂದ, ವಾನ್ ವಿಲ್ಲೆಬ್ರಾಂಡ್ ಅಂಶದ ಒಂದು ತುಣುಕನ್ನು ಜೋಡಿಸಿ ರೂಪಿಸಿದ ಎಫನೆಸೋಕ್ಟೋಕಾಗ್ ಆಲ್ಫಾ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದಿದ್ದು, ಅದನ್ನು ವಾರಕ್ಕೊಮ್ಮೆ ಕೊಟ್ಟರೆ ಸಾಕು. ಮೊಣಕಾಲ ಕೀಲಿನಲ್ಲಿ ಪದೇ ಪದೇ ರಕ್ತ ಸೋರಿ ಮಕ್ಕಳು ಕುಂಟುವಂತಾಗುವುದನ್ನು ತಡೆಯಬಲ್ಲ ಇಂಥ ಔಷಧ ಪುಣೆಯ ಸಸೂನ್‌ನಂಥ ಸರಕಾರಿ ಆಸ್ಪತ್ರೆಗಳಲ್ಲಿ ಬಡವರಿಗೂ ಸಿಗಬೇಕಾದರೆ, ಬೆಲೆಯ ಹೊರೆಯನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳು ಹಂಚಿಕೊಳ್ಳಲೇಬೇಕು.