ಹಕ್ಕಿಗೂ ಕಾಲುಂಗುರ

ನವರಾತ್ರಿಯ ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿ ದೀಪಾವಳಿಯ ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವ ಈ ದಿನಗಳಲ್ಲಿ ನಮ್ಮೂರಿಗೆ ಕೆಲವರು ನೆಂಟರು ಬರುತ್ತಾರೆ. ಮುಂಚೆ ತಿಳಿಸುವುದಿಲ್ಲ, ಕದ ತಟ್ಟುವುದಿಲ್ಲ, ಕಾಫಿ ತಿಂಡಿ ಕೇಳುವುದಿಲ್ಲ. ತಾರಸಿಯ ಮೇಲೆ, ಪಾರ್ಕಿನ ಹುಲ್ಲಿನಲ್ಲಿ, ನಲ್ಲಿ ಸೋರುವ ಕಡೆ ಬಾಲ ಮೇಲೆ ಕೆಳಗೆ ಆಡಿಸುತ್ತ ಓಡಾಡುವ ಸಣ್ಣ ಹಕ್ಕಿಯನ್ನು ನೀವೂ ನೋಡಿರಬಹುದು. ಬೆನ್ನು ಬೂದು, ಹೊಟ್ಟೆ ನಿಂಬೆಹಳದಿ. ಬೂದು ಸಿಪಿಲೆ ಅಂತ ಅದರ ಹೆಸರು. ಹಳ್ಳಿಯ ಕಡೆ ಸಿಪಿಲೆಗೆ ಕುಂಡೆಕುಸ್ಕ ಅಂತಾರೆ. ಆ ಹೆಸರು ಯಾಕೆ ಬಂತು ಎಂದು ಅದು ನಡೆಯುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ!

ಬೇಸಿಗೆಯಲ್ಲಿ ಹಿಮಾಲಯದ ತೊರೆಗಳ ಪಕ್ಕ ಗೂಡು ಕಟ್ಟಿ ಮರಿ ಮಾಡಿ, ಚಳಿ ಹಿಡಿಯುವ ಮುಂಚೆ ಅದು ದಕ್ಷಿಣಕ್ಕೆ ಇಳಿಯುತ್ತದೆ. ಎರಡು ಸವರನ್ ಚಿನ್ನಕ್ಕಿಂತ ತುಸು ಹೆಚ್ಚು ತೂಗುವ ಜೀವ! ಅಷ್ಟು ದೂರದಿಂದ ಬಂದದ್ದು ಅಂತ ಹೇಗೆ ಗೊತ್ತಾಯಿತು? ಹೋದ ವರ್ಷ ಬಂದ ಹಕ್ಕಿಯೇ ಈ ವರ್ಷವೂ ಬಂತು ಅಂತ ಯಾರು ಗುರುತು ಹಿಡಿದರು? ಒಂದು ಸಿಪಿಲೆಗೂ ಇನ್ನೊಂದಕ್ಕೂ ನಮ್ಮ ಕಣ್ಣಿಗೆ ವ್ಯತ್ಯಾಸವೇ ಇಲ್ಲವಲ್ಲ.

ಇದಕ್ಕೆ ದಾರಿ ತೋರಿಸಿದವರು ಒಬ್ಬ ಶಾಲಾ ಮೇಷ್ಟ್ರು. ಡೆನ್ಮಾರ್ಕ್ ದೇಶದ ವೀಬೋರ್ಗ್ ಊರಿನ ಹಾನ್ಸ್ ಮಾರ್ಟೆನ್ಸನ್ ಅಂತ. 1899ರಲ್ಲಿ ಅವರು ಕಬ್ಬಕ್ಕಿ ಜಾತಿಯ ಹಕ್ಕಿಗಳ ಕಾಲಿಗೆ ಅಲ್ಯುಮಿನಿಯಂ ಉಂಗುರ ತೊಡಿಸಿ ಹಾರಿಬಿಟ್ಟರು. ಉಂಗುರದ ಮೇಲೆ ಅಂಕಿ ಮತ್ತು ವಿಳಾಸ. ಎಲ್ಲಾದರೂ ಸಿಕ್ಕರೆ ತಿಳಿಸಲಿ ಎಂಬ ಎಣಿಕೆ. ಇಷ್ಟು ಸರಳ ಉಪಾಯ ನೋಡಿ.

ನಮ್ಮ ದೇಶದಲ್ಲಿ ಈ ಕೆಲಸವನ್ನು ಬೆಳೆಸಿದ್ದು 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಹಕ್ಕಿಗಳ ತಜ್ಞ ಸಲೀಂ ಅಲಿಯವರು ಒಂದು ಸಿಪಿಲೆಯ ಸಂಗತಿ ಹೇಳುತ್ತಿದ್ದರು. ಉಂಗುರ ತೊಟ್ಟ ಆ ಹಕ್ಕಿ ಮುಂಬಯಿಯ ಗಿಜಿಗುಟ್ಟುವ ಬಡಾವಣೆಯ ಒಂದೇ ಒಂದು ಪುಟ್ಟ ಹುಲ್ಲುಹಾಸಿಗೆ ವರ್ಷ ವರ್ಷವೂ ತಪ್ಪದೆ ಬರುತ್ತಿತ್ತಂತೆ. ನಾವು ಹೊಸ ಬಡಾವಣೆಯಲ್ಲಿ ನೆಂಟರ ಮನೆ ಹುಡುಕಲು ಮೂರು ಸಲ ವಿಚಾರಿಸುತ್ತೇವೆ!

ತಮಿಳುನಾಡಿನ ಕಡಲ ತೀರದಲ್ಲಿ ವೇದಾರಣ್ಯದ ಹತ್ತಿರ ಕೋಡಿಕ್ಕರೈ ಅಂತ ಒಂದು ಜಾಗವಿದೆ. ಇಂಗ್ಲಿಷಿನಲ್ಲಿ ಪಾಯಿಂಟ್ ಕ್ಯಾಲಿಮಿಯರ್. 1967ರಿಂದ ಅದು ಅಭಯಾರಣ್ಯ. ನೆಲ ಅಲ್ಲಿ ಮೂಲೆಯ ಹಾಗೆ ಸಮುದ್ರಕ್ಕೆ ಚಾಚಿಕೊಂಡಿದೆ, ಆಚೆಗೆ ಶ್ರೀಲಂಕಾ. ದಕ್ಷಿಣಕ್ಕೆ ಹೊರಟ ಹಕ್ಕಿಗಳು ನೀರು ದಾಟುವ ಮುಂಚೆ ಅಲ್ಲಿನ ಕುರುಚಲು ಕಾಡಿನಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತವೆ. ಬಾಂಬೆ ಸೊಸೈಟಿಯವರು ದಶಕಗಳಿಂದ ಅಲ್ಲಿ ಉಂಗುರ ತೊಡಿಸುತ್ತ ಬಂದಿದ್ದಾರೆ.

ಕೆಲಸದ ಕ್ರಮ ಹೀಗೆ. ಕೂದಲೆಳೆಯಂಥ ನೈಲಾನ್ ಬಲೆಯನ್ನು ಎರಡು ಗಳುಗಳ ನಡುವೆ ಪೊದೆಯ ಪಕ್ಕ ಕಟ್ಟುತ್ತಾರೆ. ಹಾರಿ ಬಂದ ಹಕ್ಕಿಗೆ ಬಲೆ ಕಾಣುವುದಿಲ್ಲ, ಅದರ ಮಡಿಕೆಯೊಳಗೆ ಮೆತ್ತಗೆ ಬೀಳುತ್ತದೆ. ಬಿಸಿಲಿಗೆ ಸೊರಗದಂತೆ ಆಗಾಗ ಹೋಗಿ ಬಿಡಿಸಬೇಕು, ಮಳೆ ಬಂದರೆ ಬಲೆ ಮುಚ್ಚಬೇಕು. ಬಿಡಿಸಿದ ಹಕ್ಕಿಯನ್ನು ಹತ್ತಿಬಟ್ಟೆಯ ಚೀಲದಲ್ಲಿಡುತ್ತಾರೆ. ಕತ್ತಲಾದರೆ ಅದು ಸುಮ್ಮನಾಗುತ್ತದೆ. ಆಮೇಲೆ ರೆಕ್ಕೆಯ ಉದ್ದ, ತೂಕ ಬರೆದುಕೊಳ್ಳುತ್ತಾರೆ. ಎದೆಯ ಪುಕ್ಕವನ್ನು ಉಫ್ ಅಂತ ಊದಿ ಕತ್ತಿನ ಗುಣಿಯಲ್ಲಿ ಎಷ್ಟು ಕೊಬ್ಬಿದೆ ಅಂತ ನೋಡುತ್ತಾರೆ. ತೆಳ್ಳನೆಯ ಚರ್ಮದಡಿ ಅದು ತುಪ್ಪದ ಹಾಗೆ ಹಳದಿಯಾಗಿ ಕಾಣುತ್ತದೆ. ಅದೇ ಹಕ್ಕಿಯ ದಾರಿ ಬುತ್ತಿ! ಬುತ್ತಿ ಖಾಲಿಯಾಗಿದ್ದರೆ ಇಳಿದು ತಿಂದು ತುಂಬಿಕೊಳ್ಳಬೇಕು. ಇಳಿಯಲು ಕಾಡು, ಕೆರೆ ಇಲ್ಲದಿದ್ದರೆ ಪ್ರಯಾಣ ಅಲ್ಲಿಗೇ ಮುಗಿಯಿತು. ಕೊನೆಗೆ ಕಾಲಿಗೆ ಅಳತೆಯ ಉಂಗುರ ತೊಡಿಸಿ, ಸಡಿಲವಾಗಿ ತಿರುಗುತ್ತದೆಯೇ ಅಂತ ನೋಡಿ ಹಾರಿಬಿಡುತ್ತಾರೆ.

ಇಷ್ಟೆಲ್ಲ ಕಷ್ಟಪಟ್ಟು ಏನು ಲಾಭ ಅಂತೀರಾ? ನಮ್ಮ ಕರ್ನಾಟಕದ್ದೇ ಸಂಗತಿ ಹೇಳುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸೌದೆಗೆ, ತರಗೆಲೆಗೆ ಕಾಡಿಗೆ ಹೋದವರಿಗೆ ವಿಪರೀತ ಜ್ವರ, ಕೆಲವರಿಗೆ ರಕ್ತಸ್ರಾವ, ಸಾವು. ಅದೇ ಮಂಗನ ಕಾಯಿಲೆ. ಅದರ ವೈರಸ್ ರಷ್ಯಾ ಕಡೆಯ ಒಂದು ಕಾಯಿಲೆಯ ವೈರಸ್ಸನ್ನು ಹೋಲುತ್ತಿತ್ತು. ಹಾಗಾದರೆ ಸೈಬೀರಿಯಾದಿಂದ ಬರುವ ಹಕ್ಕಿಗಳೇ ತಂದವೋ ಏನೋ ಎಂಬ ಅನುಮಾನ ಹುಟ್ಟಿತು.

ಮನೆಗೆ ಹೊಸ ಸೊಸೆ ಬಂದ ವಾರವೇ ಹಾಲು ಒಡೆದರೆ ಅವಳ ಕಾಲ್ಗುಣ ಅನ್ನುವವರು ಇದ್ದಾರಲ್ಲ! ದೂರದಿಂದ ಬಂದವರ ಮೇಲೆ ಗೂಬೆ ಕೂರಿಸುವುದು ಬಹಳ ಸುಲಭ. ವಿಜ್ಞಾನಿಗಳು ಹಾಗೆ ಮಾಡಲಿಲ್ಲ, ಪರೀಕ್ಷೆ ಮಾಡೋಣ ಅಂದರು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮುಂದಾಳ್ತನದಲ್ಲಿ ಉಂಗುರದ ಕೆಲಸ ದೊಡ್ಡದಾಗಿ ಶುರುವಾಯಿತು. ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಉಂಗುರ ತೊಡಿಸಿದರು, ಮೈಮೇಲಿನ ಉಣುಗುಗಳನ್ನು ಆರಿಸಿ ಪರೀಕ್ಷೆಗೆ ಕಳಿಸಿದರು. ಹಕ್ಕಿಗಳೇ ಸೈಬೀರಿಯಾದಿಂದ ಕಾಯಿಲೆ ತಂದವು ಎಂಬುದು ರುಜುವಾತಾಗಲಿಲ್ಲ. ಜನರಿಗೆ ಕಾಯಿಲೆ ಅಂಟಿಸುವುದು ನಮ್ಮ ಮಲೆನಾಡಿನ ಕಾಡಿನಲ್ಲೇ ಇರುವ ಉಣುಗು. ಇವತ್ತಿಗೂ ಆ ಕಡೆ ಕಾಡಿಗೆ ಹೋಗುವ ಹೆಂಗಸರು ಮೈತುಂಬ ಬಟ್ಟೆ ತೊಡಬೇಕು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಬರೀ ಹಕ್ಕಿಯನ್ನು ಬೈದುಕೊಂಡು ಕೂತಿದ್ದರೆ ಯಾರ ಜೀವ ಉಳಿಯುತ್ತಿತ್ತು?

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ರಾಜಾಜಿನಗರದವರಿಗೆ ನವರಂಗ್ ಅಂದರೆ ಸಿನಿಮಾ ಥಿಯೇಟರಿನ ಸರ್ಕಲ್ಲು. ಆದರೆ ನವರಂಗ ಅಂತ ಒಂದು ಹಕ್ಕಿಯೂ ಇದೆ. ಹಸಿರು, ನೀಲಿ, ಕೆಂಪು ಎಲ್ಲ ಸೇರಿದ, ಮೋಟು ಬಾಲದ ಚೆಲುವೆ. ಮುಂಜಾನೆ ಮುಸ್ಸಂಜೆ ಕೂಗುವುದರಿಂದ ತಮಿಳರು ಆರು ಗಂಟೆ ಹಕ್ಕಿ ಅಂತಾರೆ. ಉತ್ತರದಿಂದ ದಕ್ಷಿಣಕ್ಕೆ ರಾತ್ರಿ ಹೊತ್ತು ಹಾರುವಾಗ ಬೆಂಗಳೂರಿನ ದೀಪಕ್ಕೆ ದಿಕ್ಕು ತಪ್ಪಿ, ಗಾಜಿಗೆ ಬಡಿದು ವರಾಂಡದಲ್ಲಿ ಬೀಳುವುದುಂಟು. ಹಾಗೆ ಸಿಕ್ಕರೆ ಗಾಬರಿ ಬೇಡ. ಬಟ್ಟೆಯಿಂದ ಮೆಲ್ಲಗೆ ಎತ್ತಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಪಂಚೆ ಹಾಸಿ ಇಟ್ಟು, ಮುಚ್ಚಿ, ಬೆಕ್ಕು ಮಕ್ಕಳಿಂದ ದೂರವಿಡಿ. ಬಾಯಿಗೆ ನೀರು ಸುರಿಯಬೇಡಿ, ಅನ್ನ, ಬ್ರೆಡ್ಡು ತುರುಕಬೇಡಿ. ಬರೀ ಸುಸ್ತಾಗಿದ್ದರೆ ಒಂದೆರಡು ಗಂಟೆಯಲ್ಲಿ ಚೇತರಿಸಿಕೊಳ್ಳುತ್ತದೆ, ಗಿಡಮರವಿರುವ ಕಡೆ ಬಿಟ್ಟುಬಿಡಿ. ಗಾಯವಾಗಿದ್ದರೆ ನಮ್ಮ ಕೆಂಗೇರಿ–ಉತ್ತರಹಳ್ಳಿ ರಸ್ತೆಯಲ್ಲೇ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆಯಿದೆ. ಬೇರೆ ಊರಿನವರು ಅರಣ್ಯ ಇಲಾಖೆಗೆ ಹೇಳಿ. ಚೆಂದವಿದೆ ಅಂತ ಪಂಜರದಲ್ಲಿಡಬೇಡಿ, 1972ರ ಕಾಯಿದೆ ಪ್ರಕಾರ ಅದು ಅಪರಾಧ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಅದರ ಕಾಲನ್ನೂ ಒಮ್ಮೆ ನೋಡಿ. ಉಂಗುರವಿದ್ದರೆ ಬಿಚ್ಚಬೇಡಿ. ಅದರ ಮೇಲಿನ ಅಕ್ಷರ, ಅಂಕಿ ಬರೆದುಕೊಳ್ಳಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸಿಕ್ಕ ಊರು, ತಾರೀಖು ಸೇರಿಸಿ ಮುಂಬಯಿಯ ಹಾರ್ನ್‌ಬಿಲ್ ಹೌಸ್‌ನಲ್ಲಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಉಂಗುರ ತೊಟ್ಟ ನೂರಾರು ಹಕ್ಕಿಗಳಲ್ಲಿ ಮತ್ತೆ ಸಿಗುವುದು ಎಲ್ಲೋ ಒಂದೆರಡು. ಅಂಥ ಒಂದು ನಿಮ್ಮ ಬಾಗಿಲಿಗೇ ಬಂದರೆ, ಅದು ಎಲ್ಲಿಂದ ಹೊರಟಿತ್ತು ಎಂಬುದು ನಿಮ್ಮ ನಾಲ್ಕು ಸಾಲಿನಿಂದಲೇ ತಿಳಿಯಬೇಕು. ಅಡುಗೆಮನೆಯ ಲೆಕ್ಕದ ಪುಸ್ತಕದ ಒಂದು ಹಾಳೆ ಅದಕ್ಕೆ ಸಾಕು.